ಅಳತಿ ಕೌದಿ

ಬ್ಯಾಡಗಿಯಿಂದ ಹುಬ್ಬಳ್ಳಿ ಬಸ್ಸಿನಾಗ
ನಮ್ಮತ್ತಿ ಸಂಕವ್ವನ ತೊಡಿಮ್ಯಾಲೆ ಒಂದು ಕೌದಿ.
ಕಂಡಕ್ಟರ ಕೇಳಿದ: "ದವಾಖಾನಿಗೇನಬೇ?"
"ಇಲ್ಲೋ ತಮ್ಮಾ, ಅಂಗಡಿಗೆ.
ಅರಿವಿ ಒಗಿಯೂ ಮಷೀನಿಗೆ ಅಳತಿ ಕೊಡಾಕ."
ಹೊಸಾ ಕುಬಸ ಹೊಲಸಾಕ
ಹಳೇ ಕುಬಸ ಒಯ್ತಾರಲ್ಲ,
ಹಂಗ.

ಮನ್ಯಾಗ ಹನ್ನೊಂದು ಮಂದಿ.
ಐದು ಮಂದಿ ಮೆಣಸಿನಕಾಯಿ ಪ್ಯಾಟಿಯವರು:
ಮಾವ ತೂಕದ ಹಂತ್ಯಾಕ,
ಮೈದುನರಿಬ್ಬರು ಚೀಲ ಹೊರಾಕ,
ನಾನೂ ನೆಗೆಣ್ಣಿ ಶಾಂಭವಿನೂ ತೊಟ್ಟು ಬಿಡಸಾಕ.
ಸಂಜೀಕ ನಮಗಿಂತ ಮೊದಲ
ನಮ್ಮ ಘಾಟು ಹೊಸ್ತಲಾ ದಾಟತೈತಿ.
ಒಲಿ ಮುಂದಿನ ನಾದಿನಿ ಸೀನತಾಳ,
ಒಲಿ ಹಿಂದಿನ ಬೆಕ್ಕೂ ಸೀನತೈತಿ.

ಆ ಅರಿವಿ ಕಲ್ಲಿಗೆ ಹಾಕಿ ತಿಕ್ಕಿದ್ರ
ಎರಡು ದಿನ ಕೈ ಉರೀತಾವ.
ಮಜ್ಜಿಗಿ ಹಚ್ಚಿದ್ರೂ ಅಷ್ಟ, ಕೊಬ್ರಿ ಎಣ್ಣಿ ಹಚ್ಚಿದ್ರೂ ಅಷ್ಟ.
ಹೋದ ಸುಗ್ಗ್ಯಾಗ ನನ್ನ ಕೂಸು ಬಿದ್ದು ಅತ್ತಾಗ
ಕಣ್ಣೀರು ಒರಸಾಕ ಹೋಗಿ
ಕೈ ಹಿಂದಕ್ಕ ತಗೊಂಡೆ.
ಮೊಣಕೈಲೆ ಒರಸಿದೆ.
ಅವತ್ತ ರಾತ್ರಿ ಗಾದಿ ಕೆಳಗಿನ ರೊಕ್ಕ ಎಣಿಸಿದ್ದು.

ಅಂಗಡ್ಯಾಗ ಮಾಗಿ ಥಂಡಿ.
ಸಾಲಾಗಿ ನಿಂತಿದ್ವು ಬಿಳೇವು, ಬೂದಿ ಬಣ್ಣದವು,
ಹೊಟ್ಟಿಗೆ ಗಾಜಿನ ಕಣ್ಣಿದ್ದವು.
ಟೈ ಕಟ್ಟಿದ ಹುಡುಗ ಅಂದ:
"ಇದು ಅರಿವಿ ನೋಡಿ ತಾನ ತಿಳಕೊಳ್ತೈತ್ರಿ."
"ತಿಳಕೊಳ್ಳೂದು ಬ್ಯಾಡಪಾ, ಒಗದ್ರ ಸಾಕು."
"ಹದಿನಾರು ನಮೂನಿ ಒಗಿತೈತ್ರಿ."
"ನಮ್ಮ ಹೊಲಸು ಒಂದ ನಮೂನಿ."

ಗಾಜಿನ ಕಣ್ಣಿಂದು ನನಗ ಮನಸಿಗೆ ಬಂದಿತ್ತು,
ಖರೇ ಹೇಳ್ತೀನಿ.
ಅದರ ಬಾಗಲ ಮುಚ್ಚಿದ್ರ ಸಪ್ಪಳನ ಇಲ್ಲ.
ಎರಡು ಸಲ ತಗದು ಮುಚ್ಚಿದೆ.

ಆದ್ರ ರಿಪೇರಿ ಖಾಜೇಸಾಬ ಮೊದಲ ಹೇಳಿ ಕಳಸಿದ್ದ,
ಸ್ಕ್ರೂಡ್ರೈವರ್ ತುದಿಲೆ ಅಂಗಳದ ಮಣ್ಣಾಗ ಚಿತ್ರ ಬರದು:
"ಗುಂಡಿ ಕಡಿಮಿ ಇದ್ದಷ್ಟು ಆಯುಷ್ಯ ಜಾಸ್ತಿ.
ನಿಮ್ಮದು ಸವಳು ಬೋರು, ನಳ ಎಂಟು ದಿನಕ್ಕೊಮ್ಮೆ;
ಮ್ಯಾಲಿಂದ ಕೊಡ ಸುರುವಿದ್ರೂ ನಡಿಯೂವಂಥಾದ್ದು ತಗೋ,
ಎರಡು ತೊಟ್ಟಿಂದು.
ತಳಕ್ಕ ಕೈ ಹಾಕಿ ನೋಡು, ತಗಡಿದ್ರ ಬಿಡು, ತುಕ್ಕು ತಿಂತೈತಿ.
ಬೆಲ್ಟು, ಬೇರಿಂಗು ಇಲ್ಲೇ ಸಿಗತಾವೇನು ಕೇಳು.
ಹತ್ತು ಕಿಲೋ ಅಂದ್ರ ಒಣಾ ಅರಿವಿ ಹತ್ತು ಕಿಲೋ ತಂಗೀ,
ಎತ್ತಿಗೂ ಹೇರಿಗೊಂದು ಲೆಕ್ಕ ಐತಿ."

ಅತ್ತಿ ಕೌದಿ ಬಿಚ್ಚಿದ್ಲು.
ಎಷ್ಟೋ ಸೀರಿ ತುಂಡು,
ನಡಕ ಅವರವ್ವನ ಇಳಕಲ್ಲು ಒಂದು ಗೇಣು,
ಅಂಗಡಿ ಬೆಳಕಿನಾಗ ಹರವಿ ಮಡಚಿದ್ಲು.
ಪರ್ಸಿನಾಕಿ ಒಬ್ಬಾಕಿ ಬಂದು ಕೇಳಿದ್ಲು,
"ಇದನ್ನ ಎಷ್ಟಕ್ಕ ಕೊಡ್ತೀರಿ?"
ಮೊದಲಿಂದಕ್ಕ ತುರುಕಿದ್ರ ಅರ್ಧ ಹೊರಗ.
ಎರಡನೇದಕ್ಕ ಹಿಡೀತು, ಮುಚ್ಚಳ ಕೂಡಲಿಲ್ಲ.
ಮೂಲ್ಯಾಗೊಂದಿತ್ತು ಧೂಳು ಕುಂತದ್ದು,
ಅಗಲ ಹೊಟ್ಟಿ, ಮೂರ ಗುಂಡಿ, ಗಿಳಿಹಸರು ಮುಚ್ಚಳ.
ಕೌದಿ ಇಳೀತು,
ಬಾವ್ಯಾಗ ಕೊಡ ಇಳದಂಗ.
ಎಮ್ಮಿ ಕೊಳ್ಳೂವಾಗ ಬೆನ್ನು ಒತ್ತತಾರಲ್ಲ,
ಅತ್ತಿ ಎರಡೂ ಕೈ ಊರಿ ಒತ್ತಿದ್ಲು.
"ಅಳ್ಳಾಡೂದಿಲ್ಲ."

"ಮೋಟಾರಿಗೆ ಐದು ವರ್ಷ ವಾರಂಟಿ ಐತ್ರಿ."
"ಉಳದದ್ದಕ್ಕ?"
"ಎರಡು."
ಅತ್ತಿ ಅಂಗೈ ತಿರುವಿ ನೋಡಿಕೊಂಡ್ಲು,
ಏನೂ ಅನ್ನಲಿಲ್ಲ.
ಇನ್ನೂರು ರೂಪಾಯಿ ಬಿಡಿಸಿಕೊಂಡ್ಲು.

ಮೊನ್ನಿ ಸೋಮವಾರ ಮೊದಲನೇ ಸಲ ತಿರುವಿದ್ವಿ.
ಒಗಿಯೂ ನೀರು ಕೆಂಪಾತು, ನೊರಿ ಗುಲಾಬಿ.
ಪೈಪಿನಿಂದ ಬಚ್ಚಲಕ್ಕ ಬಿದ್ದಾಗ
ಓಣಿ ಮಂದಿನೂ ಸೀನಿದ್ರು,
ಮಷೀನೊಂದು ಬಿಟ್ಟು.

ಕಾಲರು, ತೋಳಿನ ಅಂಚು ಮಾತ್ರ ಬಿಡಲಿಲ್ಲ.
ಅವನ್ನಷ್ಟು ಕಲ್ಲಿಗೆ ಒಯ್ದೆ.
ಬಲಗೈಯಾಗ ಎರಡ ಬೆರಳು ಉರದ್ವು.
ಎಡಗೈಲೆ
ಕೂಸಿನ ಕಣ್ಣಿನ ಪಿಸರು ತಗದೆ.